ನಿಮಗಿದು ಗೊತ್ತೇ? ಚೆನ್ನೈನ ಏರ್‌ಸೆಲ್ ಕೊಂಡದ್ದೇನು, ಮಾರಿದ್ದೇನು

98450 ಎಂದು ಶುರುವಾಗುವ ನಂಬರು ಕಂಡರೆ ಬೆಂಗಳೂರಿನವರು ಈಗಲೂ "ಹಳೇ ಗಿರಾಕಿ" ಎಂದು ಗುರುತು ಹಿಡಿಯುತ್ತಾರೆ. ಅದು ಕರ್ನಾಟಕದ ಮೊದಲ ಎರಡು ಮೊಬೈಲ್ ಕಂಪನಿಗಳಲ್ಲಿ ಒಂದಾದ ಜೆ.ಟಿ. ಮೊಬೈಲ್ಸ್‌ನ ಸರಣಿ, 98440 ಸ್ಪೈಸ್‌ನದು. ಚೆನ್ನೈನಲ್ಲಿ ಇದೇ ಗತ್ತು 98400 ಮತ್ತು 98410ಕ್ಕೆ. ಮೊದಲನೆಯದು ಸ್ಕೈಸೆಲ್, ಎರಡನೆಯದು ಆರ್‌ಪಿಜಿ ಸೆಲ್ಯುಲಾರ್. ನಾಲ್ಕು ಹೆಸರುಗಳಲ್ಲಿ ಒಂದೂ ಉಳಿದಿಲ್ಲ. ಜೆ.ಟಿ.ಯನ್ನು 1999ರಲ್ಲಿ, ಸ್ಕೈಸೆಲ್ ಅನ್ನು 2000ದಲ್ಲಿ ಏರ್‌ಟೆಲ್‌ನವರು ಕೊಂಡರು. ಸ್ಪೈಸ್ 2008ರಲ್ಲಿ ಐಡಿಯಾ ಪಾಲಾಯಿತು. ಆರ್‌ಪಿಜಿ ಹೋದದ್ದು ಏರ್‌ಸೆಲ್ ಹೊಟ್ಟೆಗೆ. ಈ ಸಲದ ಅಂಕಣ ಆ ಏರ್‌ಸೆಲ್‌ನ ಆಸ್ತಿಪಾಸ್ತಿಯದು.

ಮೊಬೈಲ್ ಪರವಾನಗಿ ಮೊದಲು ಸಿಕ್ಕಿದ್ದು ನಾಲ್ಕೇ ನಗರಗಳಿಗೆ. 1994ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ತಲಾ ಎರಡು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಮೊದಲ ದಿನಗಳಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೂ ದರ ಇತ್ತು, ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಇನ್‌ಕಮಿಂಗ್ ಪುಕ್ಕಟೆ ಆದದ್ದು 2003ರಲ್ಲಿ. ಅಲ್ಲಿಯವರೆಗೆ ಫೋನು ಹೊಡೆದುಕೊಂಡರೂ ಎತ್ತಬೇಕೋ ಬೇಡವೋ ಎಂದು ಎರಡು ಸಲ ಯೋಚಿಸುವುದು ಜಿಪುಣತನ ಅನ್ನಿಸುತ್ತಿರಲಿಲ್ಲ.

ಮೊಬೈಲಿನ ಲೆಕ್ಕದಲ್ಲಿ ಚೆನ್ನೈ ತಮಿಳುನಾಡಿನಲ್ಲಿ ಇರಲೇ ಇಲ್ಲ ಎಂಬುದು ಗೊತ್ತೇ? ಮಹಾನಗರಕ್ಕೆ ಒಂದು ಸರ್ಕಲ್, ಉಳಿದ ತಮಿಳುನಾಡಿಗೆ ಪುದುಚೇರಿ ಸೇರಿಸಿ ಇನ್ನೊಂದು. ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋಗುವವರ ಫಜೀತಿ ನೋಡಿ: ಬಂಗಾರಪೇಟೆಯವರೆಗೆ ಕರ್ನಾಟಕ, ಕುಪ್ಪಂ ಬಂದಾಗ ಆಂಧ್ರ, ಜೋಲಾರ್‌ಪೇಟೆಯಿಂದ ತಮಿಳುನಾಡು, ಕೊನೆಗೆ ಚೆನ್ನೈ. 360 ಕಿಲೋಮೀಟರ್ ಚಿಲ್ಲರೆ ದಾರಿಯಲ್ಲಿ ನಾಲ್ಕು ಸರ್ಕಲ್! ಚೆನ್ನೈ ಮತ್ತು ತಮಿಳುನಾಡು ಸರ್ಕಲ್‌ಗಳನ್ನು ಒಂದಾಗಿಸಿದ್ದು 2005ರಲ್ಲಿ.

ಏರ್‌ಸೆಲ್ ಮಾಲೀಕರು ಚೆನ್ನೈನವರು, ಆದರೆ ಅವರ ಮೊದಲ ಪರವಾನಗಿ ಚೆನ್ನೈ ಬಿಟ್ಟು ಉಳಿದ ತಮಿಳುನಾಡಿಗೆ. ಕಂಪನಿಯ ಹುಟ್ಟು ಹೆಸರು ಶ್ರೀನಿವಾಸ್ ಸೆಲ್‌ಕಾಮ್. 1999ರಲ್ಲಿ ಸೇವೆ ಶುರುವಾದಾಗ ಕೊಯಮತ್ತೂರು, ಮದುರೆಯವರು ಏರ್‌ಸೆಲ್ ಸಿಮ್ ಹಾಕಿಕೊಳ್ಳಬಹುದಿತ್ತು. ಮೈಲಾಪುರದವರಿಗೆ ಆ ಭಾಗ್ಯ ಇರಲಿಲ್ಲ. ಸ್ವಂತ ಊರಿನಲ್ಲೇ ಅಂಗಡಿ ಇಡಲು ಅವರು 2003ರಲ್ಲಿ ಆರ್‌ಪಿಜಿ ಸೆಲ್ಯುಲಾರ್ ಅನ್ನು ಕೊಂಡುಕೊಳ್ಳಬೇಕಾಯಿತು.

ಇದಕ್ಕಿಂತ ತಮಾಷೆಯದು ನಮ್ಮ ಕಡೆಯದೇ. ಕೊಯಮತ್ತೂರಿನಲ್ಲಿ ಏರ್‌ಸೆಲ್‌ಗೆ ಎದುರಾಳಿಯಾಗಿ ನಿಂತಿದ್ದು ಬೆಂಗಳೂರಿನ ಬಿಪಿಎಲ್. ಟಿವಿ, ವಾಷಿಂಗ್ ಮೆಷಿನ್ ಮಾರಿ ಮನೆಮಾತಾದ ಆ ಬಿಪಿಎಲ್ ಬಳಿ ಮುಂಬೈ, ಮಹಾರಾಷ್ಟ್ರ, ಕೇರಳ, ತಮಿಳುನಾಡಿನ ಮೊಬೈಲ್ ಪರವಾನಗಿ ಇತ್ತು. ಕರ್ನಾಟಕದ್ದು ಮಾತ್ರ ಇರಲಿಲ್ಲ.

ಏರ್‌ಸೆಲ್ ಕಟ್ಟಿದ ಸಿ. ಶಿವಶಂಕರನ್ ಮೊದಲು ಹೆಸರು ಮಾಡಿದ್ದು ಕಂಪ್ಯೂಟರ್ ಮಾರಿ. 1980ರ ದಶಕದಲ್ಲಿ ಉಳಿದವರು 80 ಸಾವಿರದ ಆಸುಪಾಸಿಗೆ ಮಾರುತ್ತಿದ್ದ ಪಿಸಿಯನ್ನು ಇವರು 33 ಸಾವಿರಕ್ಕೆ ಇಳಿಸಿದರು. ಅವರ ಸ್ಟರ್ಲಿಂಗ್ ಕಂಪ್ಯೂಟರ್ಸ್ ಮೊದಲು ಯಾರದಾಗಿತ್ತು ಗೊತ್ತೇ? ಟೆನಿಸ್ ತಾರೆ ವಿಜಯ್ ಅಮೃತರಾಜ್ ಅವರ ತಂದೆ ರಾಬರ್ಟ್ ಅಮೃತರಾಜ್ ಅವರದು.

ಕೊಳ್ಳುವುದು, ಬೆಳೆಸುವುದು, ಒಳ್ಳೆ ಬೆಲೆ ಬಂದಾಗ ಕೊಟ್ಟು ಕೈತೊಳೆದುಕೊಳ್ಳುವುದು: ಶಿವಶಂಕರನ್ ಜಾಯಮಾನ ಇದು. ಅವರ ಡಿಶ್‌ನೆಟ್ ಡಿಎಸ್‌ಎಲ್ ಮನೆಮನೆಗೆ ಇಂಟರ್ನೆಟ್ ಕೊಡುತ್ತಿತ್ತು. 2004ರಲ್ಲಿ ಆ ವ್ಯವಹಾರವನ್ನು 270 ಕೋಟಿ ರೂಪಾಯಿಗೆ ವಿಎಸ್‌ಎನ್‌ಎಲ್‌ಗೆ ಮಾರಿದರು. ಅದೇ ವರ್ಷ ಬರಿಸ್ತಾ ಕಾಫಿ ಅಂಗಡಿಗಳನ್ನು ಕೊಂಡರು. ಅದರಲ್ಲಿ ಪಾಲು ಬಿಟ್ಟುಕೊಟ್ಟದ್ದು ಕೊಡಗಿನ ತೋಟಗಳ ಟಾಟಾ ಕಾಫಿ. ಮೂರು ವರ್ಷ ಕಳೆಯುವುದರೊಳಗೆ ಬರಿಸ್ತಾ ಇಟಲಿಯ ಲವಾಝಾ ಕೈ ಸೇರಿತು. ಕಾಫಿಯೋ ಮೊಬೈಲೋ, ಅವರಿಗೆ ಎರಡೂ ಒಂದೇ ತಕ್ಕಡಿಯ ಸರಕು.

ಹಾಗಾದರೆ ಏರ್‌ಸೆಲ್ ಮಾರಾಟವಾದದ್ದು ಯಾವಾಗ? ಇಲ್ಲಿ ಕಾಲಜ್ಞಾನವನ್ನು ಗಮನಿಸಬೇಕು. ದೂರಸಂಪರ್ಕ ಕಂಪನಿಗಳಲ್ಲಿ ವಿದೇಶಿ ಬಂಡವಾಳದ ಮಿತಿ 49 ಶೇಕಡಾ ಇದ್ದದ್ದನ್ನು ಕೇಂದ್ರ ಸರ್ಕಾರ 74ಕ್ಕೆ ಏರಿಸಿ 2005ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು. ಆ ವರ್ಷ ಮುಗಿಯುವುದರೊಳಗೆ ಮಲೇಷ್ಯಾದ ಮ್ಯಾಕ್ಸಿಸ್ ಜತೆ ಒಪ್ಪಂದ ಪ್ರಕಟವಾಯಿತು. ಎಷ್ಟು ಪಾಲು? ಸರಿಯಾಗಿ 74 ಶೇಕಡಾ! ಒಟ್ಟು ವ್ಯವಹಾರ 100 ಕೋಟಿ ಡಾಲರಿನ ಆಸುಪಾಸಿನದು. 2006ರ ಮಾರ್ಚ್‌ನಲ್ಲಿ ಕೈಬದಲು ಮುಗಿಯಿತು. ಕಾನೂನು ಬಾಗಿಲು ತೆರೆದ ಅಳತೆಗೆ ಒಂದಂಗುಲ ಹೆಚ್ಚಿಲ್ಲ, ಕಡಿಮೆ ಇಲ್ಲ.

ಉಳಿದ 26 ಶೇಕಡಾ? ಚೆನ್ನೈನ ಅಪೊಲೊ ಆಸ್ಪತ್ರೆಯ ರೆಡ್ಡಿ ಕುಟುಂಬಕ್ಕೆ ಸೇರಿದ ಸಿಂಧ್ಯ ಸೆಕ್ಯುರಿಟೀಸ್ ಭಾರತೀಯ ಪಾಲುದಾರನಾಗಿ ಬಂತು.

ಮ್ಯಾಕ್ಸಿಸ್ ಒಡೆಯ ಟಿ. ಆನಂದ ಕೃಷ್ಣನ್ ಕೌಲಾಲಂಪುರದಲ್ಲಿ ಹುಟ್ಟಿದ ಸಿಲೋನ್ ಮೂಲದ ತಮಿಳರು. ಅಲ್ಲಿನ ಹಳೇ ಕುದುರೆ ರೇಸ್ ಮೈದಾನದ ಜಾಗದಲ್ಲಿ ಪೆಟ್ರೊನಾಸ್ ಅವಳಿ ಗೋಪುರಗಳು ತಲೆಯೆತ್ತಿದ್ದರ ಹಿಂದಿನ ಯೋಜನೆ ಅವರದು. ಮೀಸ್ಯಾಟ್ ಉಪಗ್ರಹಗಳು, ಆಸ್ಟ್ರೊ ಟಿವಿ ಕೂಡ ಅವರ ಬಳಗದವೇ. ಫೋಟೊಕ್ಕೆ ಸಿಕ್ಕದ, ಮಾತಿಗೆ ಸಿಕ್ಕದ ಶ್ರೀಮಂತ ಎಂದೇ ಹೆಸರಾಗಿದ್ದ ಅವರು 2024ರ ನವೆಂಬರ್‌ನಲ್ಲಿ ತೀರಿಕೊಂಡರು.

ಒಂದೇ ಬೋರ್ಡು, ಮೂರು ಕಂಪನಿ. ಚೆನ್ನೈಗೆ ಏರ್‌ಸೆಲ್ ಸೆಲ್ಯುಲಾರ್ (ಅದೇ ಹಳೇ ಆರ್‌ಪಿಜಿ), ತಮಿಳುನಾಡಿಗೆ ಏರ್‌ಸೆಲ್ ಲಿಮಿಟೆಡ್, ಉಳಿದ ರಾಜ್ಯಗಳಿಗೆ ಡಿಶ್‌ನೆಟ್ ವೈರ್‌ಲೆಸ್. ಕರ್ನಾಟಕದಲ್ಲಿ 2009ರಲ್ಲಿ ಏರ್‌ಸೆಲ್ ಸಿಮ್ ಕೊಂಡವರು ಕಾಗದದ ಮೇಲೆ ಡಿಶ್‌ನೆಟ್ ಗಿರಾಕಿಗಳು. 2010ರ ಹೊತ್ತಿಗೆ ಕಂಪನಿ ದೇಶದ ಎಲ್ಲ ಸರ್ಕಲ್‌ಗಳಿಗೂ ಕಾಲಿಟ್ಟಿತ್ತು. ಅಣ್ಣಾ ಸಾಲೈನ ಸ್ಪೆನ್ಸರ್ ಪ್ಲಾಜಾದ ಐದನೇ ಮಹಡಿಯ ಕಚೇರಿಯಲ್ಲಿ ಬೆಳೆದ ಕಂಪನಿಯ ಆಡಳಿತ ಆಮೇಲೆ ಗುರುಗ್ರಾಮಕ್ಕೆ ಹೊರಟುಹೋಯಿತು.

ಹೊಸ ಊರಿಗೆ ಹೋದಾಗ ಏರ್‌ಸೆಲ್ ಗಮನ ಸೆಳೆದ ಬಗೆ ಜಾಹೀರಾತಿನವರು ಇಂದಿಗೂ ನೆನೆಯುವಂಥದು. ಮುಂಬೈನ ಮಿಲನ್ ಸಬ್‌ವೇ ಮಳೆ ಬಂದರೆ ಕೆರೆ. 2009ರ ಮಳೆಗಾಲಕ್ಕೆ ಮುಂಚೆ ಅಲ್ಲಿನ ಹೋರ್ಡಿಂಗ್‌ಗೆ ನಿಜವಾದ ರಬ್ಬರ್ ದೋಣಿಯೊಂದನ್ನು ಕಟ್ಟಿ ತೂಗುಹಾಕಿದರು. ತುರ್ತು ಬಂದರೆ ಹಗ್ಗ ಕತ್ತರಿಸಿ ಎಂದು ಬರೆದರು. ಜುಲೈನಲ್ಲಿ ಮಳೆ ಹೊಡೆಯಿತು, ಹಗ್ಗ ಕತ್ತರಿಸಿ ದೋಣಿ ಇಳಿಸಿಯೂ ಬಿಟ್ಟರು. ಸಿಕ್ಕಿಹಾಕಿಕೊಂಡವರನ್ನು ಅದು ದಾಟಿಸಿತು.

"1411 ಮಾತ್ರ ಉಳಿದಿವೆ" ಎಂಬ ಹುಲಿ ಜಾಹೀರಾತು ನೆನಪಿದೆಯೇ? 2010ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಜತೆ ಸೇರಿ ಅದನ್ನು ಮಾಡಿದ್ದು ಏರ್‌ಸೆಲ್. ಆ ಗಣತಿಯ 1411ರಲ್ಲಿ 290 ಹುಲಿ ಕರ್ನಾಟಕದವು, 76 ತಮಿಳುನಾಡಿನವು. ಹುಲಿಗಳ ಸಂಖ್ಯೆ ಆಮೇಲೆ ಏರಿತು. ಕಂಪನಿಯ ಗ್ರಾಫು ಯಾವ ಕಡೆ ಹೋಯಿತು ಎಂಬುದನ್ನು ಮುಂದೆ ನೋಡೋಣ.

ಚೆನ್ನೈ ಸೂಪರ್ ಕಿಂಗ್ಸ್‌ನ ಹಳದಿ ಅಂಗಿಯ ಎದೆಯ ಮೇಲೆ ವರ್ಷಗಟ್ಟಲೆ ಇದ್ದದ್ದು ಏರ್‌ಸೆಲ್ ಹೆಸರು. ನುಂಗಂಬಾಕ್ಕಂನ ಟೆನಿಸ್ ಪಂದ್ಯಾವಳಿಗೂ 2010ರಿಂದ ಏರ್‌ಸೆಲ್ ಚೆನ್ನೈ ಓಪನ್ ಎಂದೇ ಹೆಸರು. 2017ರದು ಚೆನ್ನೈನಲ್ಲಿ ನಡೆದ ಕೊನೆಯ ಪಂದ್ಯಾವಳಿ. ಮರುವರ್ಷ ಅದು ಪುಣೆಗೆ ಹೋಯಿತು. ಆ ಕೊನೆಯ ಸಲ ಡಬಲ್ಸ್ ಪ್ರಶಸ್ತಿ ಎತ್ತಿಕೊಂಡವರಲ್ಲಿ ಒಬ್ಬರು ಚೆನ್ನೈನ ಜೀವನ್ ನೆಡುಂಚೆಳಿಯನ್, ಇನ್ನೊಬ್ಬರು ಕೊಡಗಿನ ರೋಹನ್ ಬೋಪಣ್ಣ.

2011ರ ಮೇ ತಿಂಗಳಲ್ಲಿ ಐಫೋನ್ 4 ಭಾರತಕ್ಕೆ ಬಂದಾಗ ಅದನ್ನು ಮಾರುವ ಹಕ್ಕು ಎರಡೇ ಕಂಪನಿಗಳಿಗೆ ಇತ್ತು. ಒಂದು ಏರ್‌ಟೆಲ್, ಇನ್ನೊಂದು ಏರ್‌ಸೆಲ್.

ಈಗ ಹಣದ ವಿಷಯ. ಏರ್‌ಸೆಲ್ ಕತೆಯಲ್ಲಿ ತಿರುವು ಅನ್ನುವುದಿದ್ದರೆ ಅದು 2010ನೇ ಇಸವಿ. ಜನವರಿಯಲ್ಲಿ ಕಂಪನಿ ತನ್ನ 17,500 ಟವರ್‌ಗಳನ್ನು 8,400 ಕೋಟಿ ರೂಪಾಯಿಗೆ ಜಿಟಿಎಲ್ ಇನ್‌ಫ್ರಾಸ್ಟ್ರಕ್ಚರ್‌ಗೆ ಮಾರುವುದಾಗಿ ಪ್ರಕಟಿಸಿತು. ಸ್ವಂತ ಟವರ್ ಮಾರಿ ಅವೇ ಟವರ್‌ಗಳಲ್ಲಿ ಬಾಡಿಗೆಗೆ ಕೂತಿತು ಅನ್ನಿ. ಬೇಸಗೆಯಲ್ಲಿ 3ಜಿ ತರಂಗಾಂತರದ ಹರಾಜು. 34 ದಿನ ನಡೆದ ಆ ಹರಾಜಿನಲ್ಲಿ ಏರ್‌ಸೆಲ್ 13 ಸರ್ಕಲ್ ಗೆದ್ದು 6,499 ಕೋಟಿ ಕಟ್ಟಿತು. ಹಿಂದೆಯೇ ಬ್ರಾಡ್‌ಬ್ಯಾಂಡ್ ತರಂಗಾಂತರದ ಹರಾಜು. ಅಲ್ಲಿ 8 ಸರ್ಕಲ್‌ಗೆ 3,438 ಕೋಟಿ. ಎರಡೂ ಸೇರಿ 9,937 ಕೋಟಿ. ಟವರ್ ಮಾರಿದ ದುಡ್ಡೆಲ್ಲ ಹಾಕಿದರೂ ಇನ್ನೂ ಒಂದೂವರೆ ಸಾವಿರ ಕೋಟಿ ಸಾಲದು. ಕಣ್ಣಿಗೆ ಕಾಣುವ ಕಬ್ಬಿಣ ಕೊಟ್ಟು ಕಣ್ಣಿಗೆ ಕಾಣದ ಅಲೆ ಕೊಂಡರು ಎಂದು ನಗುವುದು ಸುಲಭ. ಆಗ ಎಲ್ಲ ಕಂಪನಿಗಳೂ ಹಾಗೇ ಲೆಕ್ಕ ಹಾಕಿದ್ದವು. ನನಗನ್ನಿಸುವಂತೆ ತಪ್ಪು ಅಲೆ ಕೊಂಡದ್ದರಲ್ಲಿ ಅಲ್ಲ, ಗಿರಾಕಿ ಇನ್ನೂ ಕಟ್ಟಿಕೊಳ್ಳದ ರಾಜ್ಯಗಳಿಗೂ ಒಟ್ಟಿಗೇ ಕೊಂಡದ್ದರಲ್ಲಿ.

ಅದೇ ಹರಾಜಿನ ಇನ್ನೊಂದು ಅಂಕಿ. 3ಜಿಯಲ್ಲಿ ದೆಹಲಿ, ಮುಂಬೈ ಬಿಟ್ಟರೆ ಅತಿ ದುಬಾರಿಯಾದದ್ದು ಕರ್ನಾಟಕ: ಸುಮಾರು 1,580 ಕೋಟಿ. ತಮಿಳುನಾಡಿಗೆ 1,465 ಕೋಟಿ. ಏರ್‌ಸೆಲ್ 3ಜಿಗೆ ಸುರಿದ ಹಣದಲ್ಲಿ ಹತ್ತಿರ ಹತ್ತಿರ ಅರ್ಧ ಈ ಎರಡೇ ರಾಜ್ಯಗಳಿಗೆ ಹೋಯಿತು. ಕರ್ನಾಟಕದಲ್ಲಿ ಗೆದ್ದ ಮೂವರಲ್ಲಿ ಉಳಿದಿಬ್ಬರು ಏರ್‌ಟೆಲ್ ಮತ್ತು ಟಾಟಾ. ವೊಡಾಫೋನ್‌ಗೆ ಇಲ್ಲಿ ದಕ್ಕಲಿಲ್ಲ.

ಏರ್‌ಸೆಲ್ ಮಾರಿದ ಶಿವಶಂಕರನ್ ಮೊಬೈಲ್ ಬಿಟ್ಟರೇ? ಬಿಡಲಿಲ್ಲ. ಎಸ್ ಟೆಲ್ ಎಂಬ ಹೊಸ ಕಂಪನಿ ತೆರೆದರು. ಬಹ್ರೇನಿನ ಬಟೆಲ್ಕೊ ಪಾಲುದಾರನಾಗಿ ಬಂತು. ಬಿಹಾರ, ಒಡಿಶಾ ಮುಂತಾದ ಆರು ಸರ್ಕಲ್‌ಗಳ ಪರವಾನಗಿ ಸಿಕ್ಕಿತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 122 2ಜಿ ಪರವಾನಗಿಗಳನ್ನು ರದ್ದು ಮಾಡಿತಲ್ಲ, ಆ ಆರೂ ಅದರಲ್ಲಿ ಹೋದವು. ಮಾರಿದ ಏರ್‌ಸೆಲ್‌ನದು ಒಂದೂ ಹೋಗಲಿಲ್ಲ, ಅವು 2008ಕ್ಕೆ ಮುಂಚಿನವು.

ಏರ್‌ಸೆಲ್ ಮಾರಾಟದ ಹಿಂದೆ ಒತ್ತಡ ಇತ್ತು ಎಂಬ ದೂರಿನಿಂದ ಸಿಬಿಐ ಪ್ರಕರಣ ಹುಟ್ಟಿತು. ಆನಂದ ಕೃಷ್ಣನ್ ಬಳಗದ ಆಸ್ಟ್ರೊ, ಚೆನ್ನೈನ ಸನ್ ಡೈರೆಕ್ಟ್‌ನಲ್ಲಿ 20 ಶೇಕಡಾ ಪಾಲು ಕೊಂಡದ್ದನ್ನು ತನಿಖೆ ಇದಕ್ಕೆ ಜೋಡಿಸಿತು. (ನಮ್ಮ ಉದಯ ಟಿವಿ ಇದೇ ಸನ್ ಬಳಗದ್ದು.) ಮಾಜಿ ದೂರಸಂಪರ್ಕ ಸಚಿವ ದಯಾನಿಧಿ ಮಾರನ್, ಅವರ ಅಣ್ಣ ಕಲಾನಿಧಿ ಮಾರನ್ ಮತ್ತಿತರರನ್ನು ದೆಹಲಿಯ ವಿಶೇಷ ನ್ಯಾಯಾಲಯ 2017ರ ಫೆಬ್ರವರಿ 2ರಂದು ಆರೋಪಮುಕ್ತಗೊಳಿಸಿತು. 2ಜಿ ತೀರ್ಪಿನ ತಾರೀಖೇ, ಐದು ವರ್ಷ ತಡವಾಗಿ.

ನಡುವೆ ಊರಿನದೇ ಒಂದೆರಡು ಸಂಗತಿ. ಮದ್ರಾಸಿಗೆ ಟೆಲಿಫೋನು ಬಂದದ್ದು 1882ರ ಜನವರಿಯಲ್ಲಿ, ಕಲ್ಕತ್ತ ಮತ್ತು ಬಾಂಬೆಯ ಜತೆಗೇ. ತಂದದ್ದು ಸರ್ಕಾರವಲ್ಲ, ಓರಿಯಂಟಲ್ ಟೆಲಿಫೋನ್ ಕಂಪನಿ ಎಂಬ ಇಂಗ್ಲೆಂಡಿನ ಖಾಸಗಿ ಸಂಸ್ಥೆ. ಸರ್ಕಾರ ಕೈಗೆತ್ತಿಕೊಂಡದ್ದು 1943ರಲ್ಲಿ. ಖಾಸಗಿಯಿಂದ ಸರ್ಕಾರಿ, ಮತ್ತೆ ಸರ್ಕಾರಿಯಿಂದ ಖಾಸಗಿ: ಈ ಸುತ್ತು ಚೆನ್ನೈಗೆ ಹೊಸದಲ್ಲ.

1986ರಲ್ಲಿ ದೆಹಲಿ, ಮುಂಬೈಗೆ ಎಂಟಿಎನ್‌ಎಲ್ ಕೊಟ್ಟರು, ಚೆನ್ನೈಗೆ ಕೊಡಲಿಲ್ಲ. ಚೆನ್ನೈ ಟೆಲಿಫೋನ್ಸ್ ಇಂದಿಗೂ ಬಿಎಸ್‌ಎನ್‌ಎಲ್‌ನ ಭಾಗ.

ಬೆಂಗಳೂರಿನ ಐಟಿಐ ಹೇಗೋ ಚೆನ್ನೈಗೆ ಗಿಂಡಿಯ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಹಾಗೆ. 1960ರಲ್ಲಿ ಇಟಲಿಯ ಒಲಿವೆಟ್ಟಿ ನೆರವಿನಿಂದ ಶುರುವಾಯಿತು. ಪತ್ರಿಕಾ ಕಚೇರಿಗಳಲ್ಲಿ ಟಕಟಕ ಅನ್ನುತ್ತಿದ್ದ ಸುದ್ದಿಯಂತ್ರ ಅಲ್ಲಿನದು. 2001ರಲ್ಲಿ ಅದರ 74 ಶೇಕಡಾ ಪಾಲನ್ನು 55 ಕೋಟಿಗೆ ಎಚ್‌ಎಫ್‌ಸಿಎಲ್ ಕೊಂಡಿತು. ಇಲ್ಲೂ 74!

ಚೆನ್ನೈನ ನಿಜವಾದ ದೂರಸಂಪರ್ಕ ಆಸ್ತಿ ನೆಲದ ಮೇಲಿಲ್ಲ, ಬಂಗಾಳ ಕೊಲ್ಲಿಯ ತಳದಲ್ಲಿದೆ. 2002ರಲ್ಲಿ ಏರ್‌ಟೆಲ್‌ನ ಭಾರತಿ ಬಳಗ ಮತ್ತು ಸಿಂಗ್‌ಟೆಲ್ ಸೇರಿ ಚೆನ್ನೈನಿಂದ ಸಿಂಗಪುರಕ್ಕೆ 3,200 ಕಿ.ಮೀ. ಕೇಬಲ್ ಹಾಸಿದವು. ಎರಡು ವರ್ಷದಲ್ಲಿ ಟಾಟಾದವರದೂ ಬಂತು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದಾಗ ಏರ್‌ಟೆಲ್‌ನ ಸಮುದ್ರ ಕೇಬಲ್‌ಗೆ ಪೆಟ್ಟು ಬಿದ್ದು ಬೇರೆ ಊರುಗಳ ಗಿರಾಕಿಗಳ ಇಂಟರ್ನೆಟ್ಟೂ ತೆವಳಿತು. ಅಂಡಮಾನಿಗೆ ಚೆನ್ನೈನಿಂದ ಕೇಬಲ್ ಹೋದದ್ದು ತೀರಾ ಈಚೆಗೆ, 2020ರ ಆಗಸ್ಟ್ 10ರಂದು; ಸುಮಾರು 2,300 ಕಿ.ಮೀ.

ಮತ್ತೆ ಏರ್‌ಸೆಲ್. 2010ರಲ್ಲಿ 3,438 ಕೋಟಿ ಕೊಟ್ಟು ಕೊಂಡ ಬ್ರಾಡ್‌ಬ್ಯಾಂಡ್ ಅಲೆಗಳನ್ನು 2016ರಲ್ಲಿ ಏರ್‌ಟೆಲ್‌ಗೆ ಮಾರಿತು. ಬೆಲೆ? 3,500 ಕೋಟಿ. ಆರು ವರ್ಷಕ್ಕೆ ಲಾಭ 62 ಕೋಟಿ! ಅಷ್ಟು ದುಡ್ಡಿಗೆ ಆರು ವರ್ಷದ ಬಡ್ಡಿ ಎಷ್ಟಾಗುತ್ತದೆ ಎಂದು ಮನೆಯಲ್ಲಿ ಹೈಸ್ಕೂಲು ಓದುವ ಹುಡುಗರಿದ್ದರೆ ಲೆಕ್ಕ ಹಾಕಿಸಿ ನೋಡಿ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಕರೆ ಪುಕ್ಕಟೆ, ಡೇಟಾ ನೀರಿನ ಬೆಲೆಗೆ. ಹತ್ತು ದಿನ ಕಳೆಯುವುದರೊಳಗೆ ಏರ್‌ಸೆಲ್ ಮತ್ತು ಅನಿಲ್ ಅಂಬಾನಿಯ ಆರ್‌ಕಾಮ್ ಸಮಸಮ ಪಾಲಿನಲ್ಲಿ ಒಂದಾಗುವುದಾಗಿ ಸಾರಿದವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಆನಂದ ಕೃಷ್ಣನ್ ಭಾರತದ ನ್ಯಾಯಾಲಯಕ್ಕೆ ಹಾಜರಾಗದಿದ್ದರೆ ಏರ್‌ಸೆಲ್‌ನ 2ಜಿ ಪರವಾನಗಿಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಎಚ್ಚರಿಕೆ ಕೊಟ್ಟಿತು. ಅಕ್ಟೋಬರ್‌ನಲ್ಲಿ ಸಂಬಂಧ ಮುರಿಯಿತು. ಆರ್‌ಕಾಮ್ ಕೂಡ 2019ರಲ್ಲಿ ದಿವಾಳಿ ಬಾಗಿಲಿಗೆ ಬಂತು.

2018ರ ಜನವರಿ ಕೊನೆಗೆ ಗುಜರಾತ್, ಮಹಾರಾಷ್ಟ್ರ ಸೇರಿ ಆರು ಸರ್ಕಲ್‌ಗಳಲ್ಲಿ ಅಂಗಡಿ ಮುಚ್ಚಿತು. ತಮಿಳುನಾಡಿನವರು ನಮ್ಮದಕ್ಕೇನೂ ಆಗದು ಎಂದುಕೊಂಡಿದ್ದರು. ಫೆಬ್ರವರಿ 21ರಂದು ಅಲ್ಲೂ ಸಿಗ್ನಲ್ ಮಾಯ. ಕಾರಣ, ಬಾಡಿಗೆ ಬಾಕಿಗೆ ಟವರ್ ಕಂಪನಿಗಳು ಸ್ವಿಚ್ ಆರಿಸಿದ್ದವು. ನಂಬರು ಉಳಿಸಿಕೊಂಡು ಪೋರ್ಟ್ ಮಾಡಿಸಬೇಕೆಂದರೆ 1900ಕ್ಕೆ ಎಸ್‌ಎಂಎಸ್ ಕಳಿಸಿ ಕೋಡ್ ತರಿಸಿಕೊಳ್ಳಬೇಕು. ಎಸ್‌ಎಂಎಸ್ ಹೋಗಲು ನೆಟ್‌ವರ್ಕೇ ಇಲ್ಲ! ಚೆನ್ನೈ, ಕೊಯಮತ್ತೂರಿನ ಏರ್‌ಸೆಲ್ ಅಂಗಡಿಗಳ ಮುಂದೆ ಜನ ಜಮಾಯಿಸಿದರು. ಬ್ಯಾಂಕಿನ ಒಟಿಪಿಯೂ ಅದೇ ನಂಬರಿಗೆ ಬರಬೇಕಾದವರ ಪಾಡು ಕೇಳುವುದೇ ಬೇಡ.

ಫೆಬ್ರವರಿ 28ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಚೆನ್ನೈನಲ್ಲಿ ಅಲ್ಲ, ಕಂಪನಿ ನ್ಯಾಯಮಂಡಳಿಯ ಮುಂಬೈ ಪೀಠದಲ್ಲಿ. ಸ್ವಲ್ಪ ಹಿಂದಿನವರೆಗೂ 8 ಕೋಟಿಗೂ ಮೀರಿದ ಗಿರಾಕಿಗಳ ಲೆಕ್ಕ ತೋರಿಸುತ್ತಿದ್ದ ಕಂಪನಿ ಅದು. 2020ರ ಜೂನ್‌ನಲ್ಲಿ ನ್ಯಾಯಮಂಡಳಿ ಒಪ್ಪಿದ ಪರಿಹಾರ ಯೋಜನೆ ಇನ್ನೊಂದು ಮೊಬೈಲ್ ಕಂಪನಿಯದಲ್ಲ, ವಸೂಲಾಗದ ಸಾಲ ಕೊಳ್ಳುವ ಯುವಿ ಎಆರ್‌ಸಿಯದು. ಆಗ ಎದ್ದ ತಕರಾರು ಸ್ವಾರಸ್ಯದ್ದು: ಹರಾಜಿನಲ್ಲಿ ಕೊಂಡ ತರಂಗಾಂತರ ಕಂಪನಿಯ ಆಸ್ತಿಯೇ, ಸರ್ಕಾರದ್ದೇ? ಬ್ಯಾಂಕುಗಳು ಒಂದು ಕಡೆ, ದೂರಸಂಪರ್ಕ ಇಲಾಖೆ ಇನ್ನೊಂದು ಕಡೆ ನಿಂತು ಸುಪ್ರೀಂ ಕೋರ್ಟಿನವರೆಗೂ ಹೋದವು.

ಟವರ್ ಕೊಂಡ ಜಿಟಿಎಲ್ ಗತಿ? ದೊಡ್ಡ ಬಾಡಿಗೆದಾರನೇ ಗುಡಿಸಿ ಹೋದ ಮೇಲೆ ಸಾವಿರಾರು ಟವರ್‌ಗಳು ಖಾಲಿ ನಿಂತವು. ಹಾಗಾಗಿ ಟವರ್ ಮಾರಿದವರೂ ಮುಳುಗಿದರು, ಕೊಂಡವರಿಗೂ ಸುಖವಿಲ್ಲ.

ಇಷ್ಟಾದರೂ ಕೌಲಾಲಂಪುರದ ಷೇರುಪೇಟೆಯಲ್ಲಿ ಮ್ಯಾಕ್ಸಿಸ್ ಈಗಲೂ ಗಟ್ಟಿಯಾಗಿದೆ, ಹೇಗೆ? 2007ರಲ್ಲಿ ಆನಂದ ಕೃಷ್ಣನ್ ಮ್ಯಾಕ್ಸಿಸ್ ಅನ್ನು ಷೇರುಪೇಟೆಯಿಂದ ಹೊರತೆಗೆದರು. 2009ರ ನವೆಂಬರ್‌ನಲ್ಲಿ ಮತ್ತೆ ಪೇಟೆಗೆ ತಂದಾಗ ಅದರಲ್ಲಿ ಮಲೇಷ್ಯಾದ ವ್ಯವಹಾರವನ್ನಷ್ಟೇ ಇಟ್ಟರು. ಏರ್‌ಸೆಲ್ ಅನ್ನು ಪೇಟೆಗೆ ಬಾರದ ಮೂಲ ಕಂಪನಿಯಲ್ಲೇ ಉಳಿಸಿಕೊಂಡರು. ಆ ಷೇರು ಕೊಂಡ ಮಲೇಷ್ಯಾದವರಿಗೆ ಚೆನ್ನೈನ ಬಿಸಿ ತಟ್ಟಲೇ ಇಲ್ಲ.